ಗೆಲ್ಲೋ ತಂಡ ಸೇರಿದ್ರೆ ತಪ್ಪೇನು?

ನಮ್ಮ ಅರಕೆರೆ ಕಡೆ ಯಾರನ್ನಾದ್ರೂ ಕೇಳಿ... ಕಡಿದ ಕಬ್ಬು ಗದ್ದೇಲೇ ಬಿದ್ದಿದ್ರೆ ದಿನದಿನಕ್ಕೂ ತೂಕ ಇಳಿಯುತ್ತೆ. ಆಗ ರೈತ ಸಿಕ್ಕ ರೇಟಿಗೆ ಕೊಡ್ತಾನೆ. ಅದನ್ನ ದುರಾಸೆ ಅಂತೀರಾ?

ಬ್ಯಾಸ್ಕೆಟ್‌ಬಾಲ್ ಆಟಗಾರನ ಮೈಯೂ ಅಷ್ಟೇ. 2018ರ ಜನವರಿಯಲ್ಲಿ ಡಿಮಾರ್ಕಸ್ ಕಸಿನ್ಸ್‌ಗೆ ಹಿಮ್ಮಡಿಯ ನರ ಹರಿಯಿತು. ಒಪ್ಪಂದ ಮುಗಿದಾಗ ದೊಡ್ಡ ಮೊತ್ತ ಸಿಗಲಿಲ್ಲ. ಜುಲೈನಲ್ಲಿ ಸುಮಾರು 53 ಲಕ್ಷ ಡಾಲರಿಗೆ, ಒಂದೇ ವರ್ಷಕ್ಕೆ, ಚಾಂಪಿಯನ್ ಗೋಲ್ಡನ್ ಸ್ಟೇಟ್ ಸೇರಿದ. ಕಪ್ಪಿನ ಆಸೆಗೆ ಹೋದ ಅಂತ ಬೈದವರೆಷ್ಟೋ! ಕಪ್ಪೂ ಸಿಗಲಿಲ್ಲ, 2019ರ ಫೈನಲ್ ಟೊರೊಂಟೊ ಗೆದ್ದಿತು. ಅದೇ ಆಗಸ್ಟ್‌ನಲ್ಲಿ ಮಂಡಿಯೂ ಹೋಯ್ತು.

ಗಾಯವಾದ ಕೂಡಲೇ ಬೆಲೆ ಇಳಿಸೋದು ತಂಡಗಳು, ನಿಷ್ಠೆಯ ಪಾಠ ಮಾತ್ರ ಆಟಗಾರನಿಗೆ! ಇದ್ಯಾವ ನ್ಯಾಯ ಸ್ವಾಮಿ? ನನ್ನ ಪ್ರಕಾರ ಕಾಲು ಅವನದು, ಆಯ್ಕೆಯೂ ಅವನದೇ. ನೀವೇನಂತೀರಿ?