ಮೂರು ತಾಸಿನ ದಾರಿ

ಕುಮಟಾದಿಂದ ಸಾಗರಕ್ಕೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಕಾರಿನಲ್ಲಾದರೆ ಮೂರು ತಾಸು ಸಾಕು. ಹೋದ ಡಿಸೆಂಬರಿನಲ್ಲಿ ನನಗೂ ನನ್ನ ಗೆಳೆಯನಿಗೂ ಆ ದಾರಿ ಮುಗಿಸಲು ಬೆಳಗಿನ ಎಂಟರಿಂದ ರಾತ್ರಿ ಎಂಟರವರೆಗೆ ಬೇಕಾಯಿತು. ಕಾರು ಕೆಟ್ಟಿರಲಿಲ್ಲ, ಮಕ್ಕಳೇ. ಕೆಟ್ಟಿದ್ದು ಯಾವುದು ಎಂದು ನನಗೆ ಗೊತ್ತಾಗುವಾಗ ಸಂಜೆಯಾಗಿತ್ತು.

ಗೆಳೆಯ ಕರಾವಳಿಯ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನು. ನಾವೆಲ್ಲ ಕರೆಯುವುದು ಮಾಸ್ತರ ಎಂದೇ. ಹುಟ್ಟೂರು ಸಾಗರದ ಹತ್ತಿರದ ಹಳ್ಳಿ. ‘ಊರಿಗೆ ಹೋಗ್ಬೇಕು ಮಾರಾಯಾ, ಜೊತೆಗೆ ಬಾ’ ಎಂದ, ಹೊರಟೆ. ಹಿಂದಿನ ಸೀಟಿನಲ್ಲಿ ಸಾಣಿಕಟ್ಟೆಯ ಉಪ್ಪಿನ ಚೀಲವೊಂದು ಕೂತಿತ್ತು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಅಘನಾಶಿನಿಯ ಉಪ್ಪುನೀರನ್ನು ಗದ್ದೆಗಳಿಗೆ ಹಾಯಿಸಿ, ಬಿಸಿಲಿಗೆ ಒಣಗಿಸಿ, ಹರಳುಪ್ಪು ಮಾಡುತ್ತಾರೆ. ಚಳಿಗಾಲದಲ್ಲಿ ಹೊಸ ಉಪ್ಪು ಇನ್ನೂ ಆಗಿರುವುದಿಲ್ಲ. ಇದು ಹಿಂದಿನ ಬೇಸಿಗೆಯದು. ಬಣ್ಣ ಸ್ವಲ್ಪ ಮಾಸಲು. ಅಪ್ಪೆಮಿಡಿ ಉಪ್ಪಿನಕಾಯಿಗೆ ಇದೇ ಆಗಬೇಕು ಎನ್ನುವ ಅಜ್ಜಿಯರು ಮಲೆನಾಡಿನಲ್ಲಿ ಈಗಲೂ ಇದ್ದಾರೆ.

ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವುದನ್ನು ನೋಡೋಣ ಎಂದು ಮಾಸ್ತರ ಕಾರು ನಿಲ್ಲಿಸಿದ. ನಾವು ಹೋಗಬೇಕಾಗಿದ್ದು ಅದೇ ಹೊಳೆಯ ಜೊತೆಗೆ, ಉಲ್ಟಾ ದಿಕ್ಕಿನಲ್ಲಿ. ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ ಜೋಗದಲ್ಲಿ ಧುಮುಕಿ ಬಂದ ನೀರು ಇಲ್ಲಿ ಅಗಲವಾಗಿ, ಆರಾಮವಾಗಿ ಮಲಗಿರುತ್ತದೆ. ಒಂದು ತಾಸು ನೋಡಿದೆವು. ಆಮೇಲೆ ಕಷಾಯ ಕುಡಿದೆವು. ಅರ್ಧ ತಾಸಿಗೆ ಇನ್ನೊಂದು ಕಷಾಯ.

ಗೇರುಸೊಪ್ಪೆಯಲ್ಲಿ ಅವನೊಳಗಿನ ಮೇಷ್ಟ್ರು ಎದ್ದು ಕೂತ. ಇಲ್ಲಿ ಚೆನ್ನಭೈರಾದೇವಿ ಎಂಬ ರಾಣಿ 16ನೆಯ ಶತಮಾನದಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆಯುತ್ತಿದ್ದರು, ಏಕೆಂದರೆ ಅವರಿಗೆ ಬೇಕಾದ ಕರಿಮೆಣಸು ಇವಳ ರಾಜ್ಯದಲ್ಲಿತ್ತು. ಕಾಡಿನ ನಡುವೆ, ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಇನ್ನೂ ಇದೆ. ಅದರ ಕಲ್ಲುಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಉಂಡೆವು. ಉಂಡಮೇಲೆ ಅವನು ಮಲಗಿಯೇ ಬಿಟ್ಟ!

ಮಾವಿನಗುಂಡಿಯ ಕಡೆಗೆ ಘಾಟಿ ಹತ್ತುವಾಗ ರಸ್ತೆ ಪಕ್ಕದಲ್ಲಿ ಸಿಂಗಳೀಕಗಳು ಕಂಡವು. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬಣ್ಣದ ಕೇಸರ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇವು ಇಲ್ಲ. ಮರದ ತುದಿಯಲ್ಲೇ ಹಣ್ಣು, ಹುಳ ತಿಂದು ಬದುಕುವ ಪ್ರಾಣಿ. ಕೆಳಗೆ ಇಳಿಯುವುದೇ ಅಪರೂಪ. ಆದರೆ ಕಾರಿನವರು ಚಿಪ್ಸು, ಬಾಳೆಹಣ್ಣು ಎಸೆದು ರೂಢಿ ಮಾಡಿಸಿದ್ದಾರೆ. ಹಾಗೆ ಇಳಿದು ಬಂದವು ಗಾಡಿಯ ಚಕ್ರಕ್ಕೆ ಸಿಕ್ಕಿ ಸಾಯುತ್ತವೆ. ಒಂದು ಮರಿ ತಾಯಿಯ ಹೊಟ್ಟೆಗೆ ಅಂಟಿಕೊಂಡು ನಮ್ಮನ್ನೇ ನೋಡುತ್ತಿತ್ತು. ನನ್ನ ಕೈ ಬಾಳೆಹಣ್ಣಿನ ಚೀಲಕ್ಕೆ ಹೋಗಿತ್ತು. ಮಾಸ್ತರ ಒಂದೇ ಏಟು ಹಾಕಿದ. ಅರವತ್ತು ದಾಟಿದ ಮೇಲೆ ಮೇಷ್ಟ್ರ ಕೈಯಿಂದ ಏಟು ತಿಂದವನು ನಾನೊಬ್ಬನೇ ಇರಬೇಕು.

ಜೋಗದಲ್ಲಿ ಚಳಿಗಾಲದ ನೀರು ತೆಳ್ಳಗಿತ್ತು. ರಾಜನೂ ರಾಣಿಯೂ 253 ಮೀಟರ್ ಎತ್ತರದ ಬಂಡೆಯ ಮೇಲಿಂದ ಬಿಳಿ ನೂಲು ಬಿಟ್ಟ ಹಾಗೆ ಕಾಣುತ್ತಿದ್ದರು. ಅಲ್ಲೂ ಒಂದು ತಾಸು ಕಳೆಯಿತು.

ತಾಳಗುಪ್ಪ ಬರುವಾಗ ಕತ್ತಲಾಗಿತ್ತು. ಅಡಿಕೆ ಬೇಯಿಸುವ ವಾಸನೆ ಮನೆಮನೆಯಿಂದ ಬರುತ್ತಿತ್ತು. ‘ರೈಲು ನಿಲ್ದಾಣ ನೋಡಿ ಹೋಗೋಣ. ಹಳಿ ಇಲ್ಲಿಗೇ ಮುಗಿಯುತ್ತೆ ಗೊತ್ತಾ?’ ಎಂದ ಮಾಸ್ತರ.

‘ಮಾರಾಯಾ, ನಿಂಗೆ ಮನೆಗೆ ಹೋಗೋಕೆ ಇಷ್ಟ ಇಲ್ವಾ?’ ಎಂದೆ.

ಅವನು ಕಾರು ನಿಲ್ಲಿಸಿ ದೀಪ ಆರಿಸಿದ. ಹನ್ನೊಂದು ವರ್ಷದ ಹಿಂದೆ ತೋಟ ಪಾಲಾದಾಗ ಬಾವಿಯೊಂದರ ವಿಷಯಕ್ಕೆ ತಮ್ಮನ ಜೊತೆ ಮಾತು ಬೆಳೆದು ನಿಂತಿತ್ತಂತೆ. ಆಮೇಲೆ ಅವನು ಘಟ್ಟ ಹತ್ತಿಲ್ಲ. ಮೊನ್ನೆ ತಮ್ಮನ ಮೊಮ್ಮಗಳು ಯಾರಿಂದಲೋ ನಂಬರು ತೆಗೆದುಕೊಂಡು ಫೋನು ಮಾಡಿದಳಂತೆ. ಹತ್ತು ವರ್ಷದ ಹುಡುಗಿ, ಇವನ ಮುಖವನ್ನೇ ನೋಡಿಲ್ಲ. ‘ದೊಡ್ಡಜ್ಜಾ, ನಮ್ಮನೇಲಿ ಅಡಿಕೆ ಸುಲಿಯೋದು ಶುರುವಾಗಿದೆ. ಬಾ. ಬರ್ತಾ ಸಮುದ್ರದಿಂದ ಏನಾದ್ರೂ ತಗೊಂಡು ಬಾ.’

‘ಅವಳು ಕರೆದಳು ಸರಿ. ಅವನು ಕರೆದಿಲ್ವಲ್ಲ’ ಎಂದ.

ನಾನು ಏನೂ ಹೇಳಲಿಲ್ಲ. ಹೇಳುವ ಮಾತೂ ಹೊಳೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಕಾರು ಶುರುಮಾಡಿದ.

ಅಂಗಳದಲ್ಲಿ ದೀಪ ಹಾಕಿ ಏಳೆಂಟು ಜನ ಅಡಿಕೆ ಸುಲಿಯುತ್ತಾ ಕೂತಿದ್ದರು. ನಾಯಿ ಬೊಗಳಿತು. ಹುಡುಗಿ ಓಡಿ ಬಂದು ಚೀಲದ ಬಾಯಿ ಬಿಚ್ಚಿ, ಹರಳೊಂದನ್ನು ನಾಲಿಗೆಗೆ ಇಟ್ಟು, ‘ಥೂ, ಉಪ್ಪು!’ ಎಂದಳು. ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ, ಏಳಲೂ ಇಲ್ಲ. ‘ಸಾಣಿಕಟ್ಟೆದಾ?’ ಎಂದ, ಕೈಯಲ್ಲಿದ್ದ ಅಡಿಕೆಯನ್ನು ನೋಡುತ್ತಲೇ.

‘ಹೂಂ’ ಎಂದ ಮಾಸ್ತರ.

‘ಆಯಿ ಇದ್ದಿದ್ರೆ ಖುಷಿಪಡ್ತಿದ್ಲು.’

ಆಮೇಲೆ ಅವನು ಪಕ್ಕದಲ್ಲಿ ಖಾಲಿ ಇದ್ದ ಮೆಟ್ಟುಗತ್ತಿಯನ್ನು ಕಾಲಿನಿಂದ ಅಣ್ಣನ ಕಡೆಗೆ ಸರಿಸಿದ. ಮಾಸ್ತರ ಪ್ಯಾಂಟು ಮಡಚಿ ಕೂತ. ಮೊದಲ ಅಡಿಕೆಗೇ ಬೆರಳು ಕೊಯ್ದುಕೊಂಡ.