ಆದೇಶ ಕೈಯಲ್ಲಿದೆ, ಮಗು ಎಲ್ಲಿದೆ?

ಕಳೆದ ರಮಝಾನ್‌ನ ಕೊನೆಯ ವಾರ ನಮ್ಮ ಊರಿನ ಹೆಣ್ಣುಮಗಳೊಬ್ಬಳು ಮನೆಗೆ ಬಂದಿದ್ದಳು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಕೌಟುಂಬಿಕ ನ್ಯಾಯಾಲಯದ ಆದೇಶದ ನಕಲು. ಆರು ವರ್ಷದ ಮಗ ತಾಯಿಯ ಬಳಿ ಇರಬೇಕು, ತಿಂಗಳಿಗೆ ಎರಡು ಭಾನುವಾರ ತಂದೆ ಕರೆದುಕೊಂಡು ಹೋಗಿ ಸಂಜೆ ಆರಕ್ಕೆ ವಾಪಸ್ ಬಿಡಬೇಕು ಎಂದು ಅದರಲ್ಲಿ ಬರೆದಿದೆ. ಹಾಗೆ ಒಂದು ಭಾನುವಾರ ಹೋದ ಮಗು ಮರಳಿ ಬಂದಿರಲಿಲ್ಲ. ಒಂದು ತಿಂಗಳು ಕಳೆದಿತ್ತು.

‘ಕಾಕ, ಸ್ಟೇಷನ್‌ಗೆ ಹೋದೆ, ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಮ್ಮ ಅಂದ್ರು. ಜಮಾಅತ್‌ನವರ ಹತ್ರ ಹೋದೆ, ಪೆರ್ನಾಲ್ ಒಂದು ಕಳೀಲಿ, ಮಾತಾಡುವ ಅಂದ್ರು. ಕೋರ್ಟು ಮೊದಲೇ ಹೇಳಿ ಆಗಿದೆಯಲ್ಲ, ಇನ್ನು ಯಾರ ಹತ್ರ ಹೋಗಲಿ?’ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಇದರ ಇನ್ನೊಂದು ಮುಖವನ್ನೂ ಕಂಡಿದ್ದೇನೆ. ಗಲ್ಫ್‌ನಲ್ಲಿ ದುಡಿಯುವ ಯುವಕನೊಬ್ಬ ವರ್ಷಕ್ಕೊಮ್ಮೆ ಮೂವತ್ತು ದಿನದ ರಜೆಯಲ್ಲಿ ಊರಿಗೆ ಬರುತ್ತಾನೆ. ಮಗಳನ್ನು ನೋಡಲು ಕೋರ್ಟು ಅವಕಾಶ ಕೊಟ್ಟಿದೆ. ಒಂದು ವಾರ ಮಗಳಿಗೆ ಜ್ವರ, ಇನ್ನೊಂದು ವಾರ ಮದುವೆ, ಮೂರನೇ ವಾರ ಮನೆಗೆ ಬೀಗ. ತಂದ ಆಟದ ಸಾಮಾನನ್ನು ಅಕ್ಕನ ಮಕ್ಕಳಿಗೆ ಕೊಟ್ಟು ವಿಮಾನ ಹತ್ತಿದ. ಮೊದಲನೆಯದರಲ್ಲಿ ತಪ್ಪು ತಂದೆಯದು, ಎರಡನೆಯದರಲ್ಲಿ ತಾಯಿಯ ಮನೆಯವರದು. ಎರಡರಲ್ಲೂ ನಷ್ಟ ಮಗುವಿನದು.

ತಲಾಖ್, ಖುಲಾ, ಜೀವನಾಂಶದ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆಯುತ್ತದೆ. ಆದರೆ ಮಗುವಿನ ಪಾಲನೆಯ ಬಗ್ಗೆ ಬಂದ ಆದೇಶವನ್ನು ಮುರಿದರೆ ಏನು ಎಂಬ ಬಗ್ಗೆ ಮಾತೇ ಇಲ್ಲ. ಆದೇಶ ಬಂದರೆ ಎಲ್ಲ ಮುಗಿಯಿತು ಎಂದು ಗೆದ್ದವರು ತಿಳಿಯುತ್ತಾರೆ. ಆದೇಶ ಕಾಗದದಲ್ಲಿ, ಮಗು ನಮ್ಮ ಕೈಯಲ್ಲಿ ಎಂದು ಸೋತವರು ತಿಳಿಯುತ್ತಾರೆ. ಎರಡೂ ತಪ್ಪು.

ಮೊದಲು ಕಾನೂನಿನ ದಾರಿ ನೋಡುವ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರ ಸೆಕ್ಷನ್ 18ರ ಪ್ರಕಾರ ಆ ನ್ಯಾಯಾಲಯದ ಆದೇಶವನ್ನು ಸಿವಿಲ್ ಡಿಕ್ರಿಯಂತೆಯೇ ಜಾರಿ ಮಾಡಿಸಬಹುದು. ಆದೇಶ ಮುರಿದಾಗ ಹೊಸ ದಾವೆ ಹೂಡಬೇಕಿಲ್ಲ. ಅದೇ ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ ಹಾಕಬೇಕು. ಬೇಕೆಂದೇ ಆದೇಶ ಪಾಲಿಸದವರ ಆಸ್ತಿ ಜಪ್ತಿ ಮಾಡುವ, ಅವರನ್ನು ಸಿವಿಲ್ ಜೈಲಿಗೆ ಕಳಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 32ನೇ ನಿಯಮದಲ್ಲಿದೆ. ಮಗುವನ್ನು ಕರೆತರಲು ಪೊಲೀಸ್ ನೆರವು ಬೇಕಿದ್ದರೆ ಅದನ್ನೂ ಅದೇ ನ್ಯಾಯಾಲಯದಲ್ಲಿ ಕೇಳಬೇಕು. ‘ಸಿವಿಲ್ ಮ್ಯಾಟರ್’ ಎಂದು ಕೈ ಚೆಲ್ಲುವ ಪೊಲೀಸರೂ ನ್ಯಾಯಾಲಯದ ನಿರ್ದೇಶನ ಬಂದರೆ ಹೊರಡಲೇಬೇಕು.

1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಇಂದಿಗೂ ಜೀವಂತವಾಗಿದೆ. ಮಗುವನ್ನು ಪೋಷಕರ ಸುಪರ್ದಿಯಿಂದ ತೆಗೆದುಕೊಂಡು ಹೋದರೆ ವಾಪಸ್ ಕೊಡಿಸುವ ಅಧಿಕಾರ ಅದರ ಸೆಕ್ಷನ್ 25ರಲ್ಲಿದೆ. ಆ ಆದೇಶವನ್ನು ಧಿಕ್ಕರಿಸಿದರೆ ಸೆಕ್ಷನ್ 45ರಲ್ಲಿ ದಂಡ ಎಷ್ಟು ಗೊತ್ತೇ? 100 ರೂಪಾಯಿವರೆಗೆ. ಮೊಂಡುತನ ಮುಂದುವರಿಸಿದರೆ ದಿನಕ್ಕೆ 10 ರೂಪಾಯಿವರೆಗೆ, ಒಟ್ಟು 500 ಮೀರುವಂತಿಲ್ಲ. ಬ್ರಿಟಿಷರ ಕಾಲದ ಲೆಕ್ಕ. ಈಗ ಒಂದು ಬಿರಿಯಾನಿಯ ಬೆಲೆಗೂ ಸಾಲದು. ಆದರೆ ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಮಗುವನ್ನು ಹಾಜರುಪಡಿಸುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡುವವರೆಗೆ ಸಿವಿಲ್ ಜೈಲಿನಲ್ಲಿ ಇಡಬಹುದು. ದಂಡದ ಮೊತ್ತ ನೋಡಿ ನಗುವವರು ಈ ಸಾಲನ್ನೂ ಓದಿಕೊಳ್ಳುವುದು ಒಳ್ಳೆಯದು.

ಇಷ್ಟಕ್ಕೂ ಮಣಿಯದಿದ್ದರೆ ನ್ಯಾಯಾಂಗ ನಿಂದನೆಯ ದಾರಿಯಿದೆ. 1971ರ ಕಾಯ್ದೆಯಡಿ ಆರು ತಿಂಗಳವರೆಗೆ ಸಾದಾ ಸಜೆ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಆದೇಶ ಮುರಿದ ದಿನದಿಂದ ಒಂದು ವರ್ಷದೊಳಗೆ ಕ್ರಮ ಶುರುವಾಗಬೇಕು. ‘ನೋಡುವ, ನೋಡುವ’ ಎಂದು ಕೂತರೆ ಈ ದಾರಿ ಮುಚ್ಚುತ್ತದೆ. ಮಗುವನ್ನು ಎಲ್ಲಿ ಇಟ್ಟಿದ್ದಾರೆಂದೇ ಗೊತ್ತಿಲ್ಲದಂತಹ ಗಂಭೀರ ಸಂದರ್ಭದಲ್ಲಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯೂ ಇದೆ. ಆದರೆ ಅಮಲ್ಜಾರಿಯಲ್ಲಿ ಆಗುವ ಕೆಲಸಕ್ಕೆ ಅದು ಬದಲಿ ಅಲ್ಲ.

‘ನಾವು ಮೇಲ್ಮನವಿ ಹಾಕಿದ್ದೇವೆ, ಇನ್ನು ಮಗು ಕೊಡಬೇಕಿಲ್ಲ’ ಎಂದು ಹೇಳುವವರನ್ನೂ ಕೇಳಿದ್ದೇನೆ. ಇದು ಸುಳ್ಳು. ಮೇಲಿನ ನ್ಯಾಯಾಲಯ ತಡೆಯಾಜ್ಞೆ ಕೊಡದಿದ್ದರೆ ಕೆಳಗಿನ ಆದೇಶ ಜಾರಿಯಲ್ಲೇ ಇರುತ್ತದೆ.

ಇನ್ನು ಎರಡೂ ಕಡೆಯವರು ಮಾಡುವ ದೊಡ್ಡ ತಪ್ಪಿನ ಮಾತು. ‘ಖರ್ಚಿಗೆ ಕೊಡುವುದಿಲ್ಲ, ಹಾಗಾಗಿ ಮಗುವನ್ನು ತೋರಿಸುವುದಿಲ್ಲ’ ಎನ್ನುತ್ತಾರೆ ಇವರು. ‘ಮಗುವನ್ನು ತೋರಿಸುವುದಿಲ್ಲ, ಹಾಗಾಗಿ ಖರ್ಚಿಗೆ ಕೊಡುವುದಿಲ್ಲ’ ಎನ್ನುತ್ತಾರೆ ಅವರು. ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ. ಜೀವನಾಂಶ ಬಾಕಿಯಿದ್ದರೆ ವಸೂಲಿಗೆ, ವಾರಂಟಿಗೆ ಪ್ರತ್ಯೇಕ ದಾರಿಯಿದೆ. ಭೇಟಿಗೆ ಅಡ್ಡಿಯಾದರೆ ಅದಕ್ಕೂ ಇದೆ. ಮಗುವನ್ನು ಒತ್ತೆಯಿಟ್ಟು ಹಣ ಕೇಳುವುದು, ಹಣ ತಡೆಹಿಡಿದು ಮಗುವನ್ನು ಕೇಳುವುದು, ಎರಡನ್ನೂ ನ್ಯಾಯಾಲಯ ಮೆಚ್ಚುವುದಿಲ್ಲ. ಮುಂದೆ ಪಾಲನೆಯ ಪ್ರಶ್ನೆ ಮತ್ತೆ ಬಂದಾಗ ಇದೇ ನಡತೆ ನಿಮ್ಮ ವಿರುದ್ಧ ದಾಖಲೆಯಾಗಿ ನಿಲ್ಲಬಹುದು. ಪಾಲನೆಯ ಆದೇಶ ಕಲ್ಲಿನ ಮೇಲಿನ ಬರಹವಲ್ಲ. ಪರಿಸ್ಥಿತಿ ಬದಲಾದರೆ ಬದಲಿಸಲು ಕೇಳಬಹುದು. ಬದಲಿಸುವುದು ನ್ಯಾಯಾಧೀಶರು, ನಾವಲ್ಲ.

ಗಲ್ಫ್ ನಂಟಿರುವ ನಮ್ಮ ಮನೆಗಳಿಗೆ ಇನ್ನೊಂದು ಎಚ್ಚರಿಕೆ. ಮಕ್ಕಳನ್ನು ಗಡಿ ದಾಟಿಸಿದಾಗ ವಾಪಸ್ ತರಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಮಗು ಒಮ್ಮೆ ವಿಮಾನ ಹತ್ತಿದರೆ ನಮ್ಮ ಊರಿನ ಆದೇಶಕ್ಕೆ ಅಲ್ಲಿ ಬಲ ಬರಿಸುವುದು ಬಹಳ ಕಷ್ಟ. ಭಯವಿದ್ದರೆ ಮೊದಲೇ ಕೇಳಿಕೊಳ್ಳಿ: ಮಗುವಿನ ಪಾಸ್‌ಪೋರ್ಟ್ ಕೋರ್ಟಿನಲ್ಲಿಡಲಿ, ಅನುಮತಿಯಿಲ್ಲದೆ ದೇಶದಿಂದ ಹೊರಗೆ ಕರೆದೊಯ್ಯಬಾರದೆಂದು ಆದೇಶದಲ್ಲೇ ಬರೆಯಲಿ. ದೂರದಲ್ಲಿರುವ ತಂದೆಗೆ ವಾರದಲ್ಲಿ ಇಂತಿಷ್ಟು ದಿನ ವೀಡಿಯೊ ಕಾಲ್ ಎಂದೂ ಬರೆಸಿಕೊಳ್ಳಬಹುದು. ಪೆರ್ನಾಲ್ ದಿನ ಮಗು ಯಾರ ಮನೆಯಲ್ಲಿ, ಶಾಲೆಯ ರಜೆಯಲ್ಲಿ ಎಲ್ಲಿ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ ಒಪ್ಪಿಸಬೇಕು ಎಂಬುದೆಲ್ಲ ಸ್ಪಷ್ಟವಾಗಿರಲಿ. ‘ಅನುಕೂಲವಾದಾಗ ಭೇಟಿ’ ಎಂದು ಬರೆಸಿಕೊಂಡರೆ ಅನುಕೂಲ ಯಾವತ್ತೂ ಆಗುವುದಿಲ್ಲ. ಅಡ್ಡಿಯಾದ ಪ್ರತಿ ದಿನವನ್ನು ಬರೆದಿಡಿ, ವಾಟ್ಸ್ಆ್ಯಪ್ ಸಂದೇಶ ಅಳಿಸಬೇಡಿ.

ಈಗ ಜಮಾಅತ್‌ನ ಹಿರಿಯರಲ್ಲಿ ಒಂದು ಮಾತು. ಎರಡು ಮನೆಯವರನ್ನು ಕೂರಿಸಿ ಮಾತಾಡಿಸುವ ನಿಮ್ಮ ಕೆಲಸಕ್ಕೆ ಬೆಲೆಯಿದೆ. ಅನೇಕ ಜಗಳ ಕೋರ್ಟಿನ ಮೆಟ್ಟಿಲು ಹತ್ತದಿರುವುದು ನಿಮ್ಮಿಂದಲೇ. ಆದರೆ ನ್ಯಾಯಾಲಯ ಒಮ್ಮೆ ಹೇಳಿದ ಮೇಲೆ ಅದೇ ವಿಷಯಕ್ಕೆ ಮತ್ತೆ ಪಂಚಾತಿಕೆ ಕರೆದರೆ ಲಾಭ ಯಾರಿಗೆ? ಮಗುವನ್ನು ಹಿಡಿದಿಟ್ಟುಕೊಂಡವರಿಗೆ. ದಿನ ಕಳೆದಷ್ಟೂ ‘ಮಗು ಇಲ್ಲೇ ಹೊಂದಿಕೊಂಡಿದೆ’ ಎಂಬ ವಾದ ಅವರಿಗೆ ಸಿಗುತ್ತದೆ. ಆದ್ದರಿಂದ ಆದೇಶ ಮುರಿದವರಿಗೆ ನಿಮ್ಮ ಮೊದಲ ಮಾತು ‘ಮೊದಲು ಮಗುವನ್ನು ಬಿಟ್ಟು ಬಾ, ಆಮೇಲೆ ಮಾತಾಡುವ’ ಎಂದಾಗಿರಲಿ. ಮಾತುಕತೆಯಲ್ಲಿ ಒಪ್ಪಂದವಾದರೆ ಬರೀ ಜಮಾಅತ್‌ನ ಪುಸ್ತಕದಲ್ಲಿ ಬರೆದು ಬಿಡಬೇಡಿ. ವಕೀಲರ ಮೂಲಕ ಕೋರ್ಟಿಗೆ ಸಲ್ಲಿಸಿ ಆದೇಶ ಪಡೆಯಲು ಹೇಳಿ. ನಾಳೆ ಯಾರಾದರೂ ಮುರಿದರೆ ಜಾರಿಗೆ ಬರುವುದು ಆ ಆದೇಶ ಮಾತ್ರ.

ಶರೀಅತ್‌ನ ಹೆಸರಿನಲ್ಲಿ ಆದೇಶ ಮುರಿಯುವವರೂ ಇದ್ದಾರೆ. ‘ಮಗ ತಂದೆಯ ಹಕ್ಕು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಹಿಝಾನತ್‌ನಲ್ಲಿ ಎಳೆಯ ಮಗುವಿನ ಪಾಲನೆಗೆ ಮೊದಲ ಹಕ್ಕು ತಾಯಿಯದು ಎಂಬುದನ್ನು ಮರೆಯುತ್ತಾರೆ. ನಾವು ಅನುಸರಿಸುವ ಶಾಫಿಈ ಮದ್ಹಬ್‌ನಲ್ಲಿ ಮಗು ತಿಳಿವಳಿಕೆಯ ವಯಸ್ಸಿಗೆ ಬಂದಾಗ ಯಾರ ಜೊತೆ ಇರುತ್ತೀಯಾ ಎಂದು ಅದನ್ನೇ ಕೇಳುವ ಕ್ರಮವಿದೆ. ಬೆಳೆದ ಮಗುವಿನ ಇಷ್ಟವನ್ನು ಪರಿಗಣಿಸಬಹುದೆಂದು 1890ರ ಕಾಯ್ದೆಯ ಸೆಕ್ಷನ್ 17 ಕೂಡ ಹೇಳುತ್ತದೆ. ಎರಡೂ ಕಡೆ ನೋಡುವುದು ಮಗುವಿನ ಒಳಿತನ್ನು. ಮಗು ಅಮಾನತ್ ಎಂದು ಹೇಳುವ ನಾವು ಅದನ್ನು ಬಚ್ಚಿಟ್ಟು ಕೂರುವುದು ಯಾವ ನ್ಯಾಯ?

ಹಣವಿಲ್ಲ ಎಂದು ಹಿಂದೆ ಸರಿಯಬೇಡಿ. ಹೆಂಗಸರು ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.

ಆ ಹೆಣ್ಣುಮಗಳನ್ನು ಪರಿಚಯದ ವಕೀಲರ ಬಳಿ ಕರೆದುಕೊಂಡು ಹೋದೆ. ಅಮಲ್ಜಾರಿ ಅರ್ಜಿ ಹಾಕಿದರು, ನೋಟಿಸ್ ಹೋಯಿತು. ಮೂರನೇ ವಾಯಿದೆಗೆ ಗಂಡನ ಮನೆಯವರು ಮಗುವನ್ನು ಕರೆತಂದರು. ಜೈಲಿನ ಮಾತು ಬರುವ ಮೊದಲೇ ಕೆಲಸ ಆಯಿತು. ಆದರೆ ಕೋರ್ಟಿನ ವರಾಂಡದಲ್ಲಿ ಉಮ್ಮ ಕೈ ಚಾಚಿದಾಗ ಹುಡುಗ ಅಜ್ಜಿಯ ಬುರ್ಖಾದ ಹಿಂದೆ ಅಡಗಿದ. ಅಷ್ಟು ದಿನಗಳಲ್ಲಿ ಅವನ ಕಿವಿಗೆ ಏನೇನು ತುಂಬಿದ್ದರೋ. ಅವನು ಮೊದಲಿನಂತೆ ಅವಳ ಮಗ್ಗುಲಲ್ಲಿ ಮಲಗಲು ಎರಡು ತಿಂಗಳು ಬೇಕಾಯಿತು. ಯಾವ ಅಮಲ್ಜಾರಿ ಅರ್ಜಿಯೂ ಆ ದಿನಗಳನ್ನು ವಾಪಸ್ ಕೊಡಿಸುವುದಿಲ್ಲ. ಮುಂದಿನ ಭಾನುವಾರ ನಿಮ್ಮ ಮನೆಯಿಂದ ಒಂದು ಮಗು ಆರು ಗಂಟೆಗೆ ವಾಪಸ್ ಹೋಗಬೇಕಿದ್ದರೆ, ಆರು ಗಂಟೆಗೇ ಕಳಿಸಿ.