ಸೌಂಡಿಗೂ ಬೇಕು ಒಂದು ಸಿಮ್!

ಹಾಲು ಉಕ್ಕಿ ಬರುತ್ತಿದ್ದಂತೆ ನಿಮ್ಮ ಕೈ ತಾನಾಗೇ ಗ್ಯಾಸ್ ಒಲೆ ಕಡೆ ಹೋಗುತ್ತೆ ಅಲ್ವಾ? ಪೂರ್ತಿ ಆರಿಸೋದಿಲ್ಲ, ಸಿಮ್‌ಗೆ ಇಳಿಸ್ತೀರಿ. ಒಗ್ಗರಣೆಗೆ ಒಂದು ಉರಿ, ಸಾರು ಕುದಿಯೋಕೆ ಇನ್ನೊಂದು ಉರಿ. ಈ ಹದವನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮನೆಯ ಕಂಪ್ಯೂಟರಿನ ಸೌಂಡ್ ವಿಷಯ ಬಂದರೆ ಮಾತ್ರ ನಮ್ಮದು ಎರಡೇ ಲೆಕ್ಕ. ಒಂದೋ ಜೋರು, ಇಲ್ಲವೋ ಬಂದ್!

ನಾವಿರೋದು ಬಾಗಲೂರಿನಲ್ಲಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ವಿಮಾನದ ಸದ್ದು ನಮಗೆ ಮಾಮೂಲು. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯೋ ದಿನಗಳಲ್ಲಂತೂ ಕೇಳೋದೇ ಬೇಡ.

ಏಳನೇ ಕ್ಲಾಸಿನ ಮಗ ಹೆಡ್‌ಫೋನ್ ಹಾಕಿಕೊಂಡು ಆನ್‌ಲೈನ್ ಟ್ಯೂಷನ್ ಕೇಳ್ತಿರ್ತಾನೆ. ವಿಮಾನ ಬಂತು, ಟಪಟಪ ಅಂತ ಕೀ ಒತ್ತಿ ಸೌಂಡ್ ಏರಿಸಿದ. ವಿಮಾನ ಹೋಯ್ತು, ಸೌಂಡ್ ಮಾತ್ರ ಇಳೀಲಿಲ್ಲ. ಇನ್ನೊಂದು ವಿಮಾನ, ಇನ್ನಷ್ಟು ಟಪಟಪ. ಮೊನ್ನೆ ಪಕ್ಕದಲ್ಲೇ ನಿಂತು ಊಟಕ್ಕೆ ಮೂರು ಸಲ ಕರೆದರೂ ತಿರುಗಿ ನೋಡಲಿಲ್ಲ. "ಕಿವುಡ ಆಗ್ತೀಯ ಕಣೋ!" ಅಂತ ರೇಗಿದೆ. ಒಳಗಿನಿಂದ ನಮ್ಮತ್ತೆ, "ನೀನೇನು ಕಮ್ಮಿ ಕಣಮ್ಮ? ಮಧ್ಯಾಹ್ನ ನಿನ್ನ ಅಡುಗೆ ವಿಡಿಯೋ ಗಲಾಟೆಗೆ ನಂಗೆ ಕಣ್ಣು ಮುಚ್ಚೋಕಾಗಲ್ಲ" ಅಂದ್ರು. ನಿಜ, ಮಿಕ್ಸಿ ಹಾಕಿದಾಗ ಏರಿಸಿದ್ದನ್ನು ಇಳಿಸೋದು ನಾನೂ ಮರೆತಿದ್ದೆ!

ನನ್ನ ಪ್ರಕಾರ ತಪ್ಪು ಏರಿಸೋದರಲ್ಲಿಲ್ಲ, ಇಳಿಸದೇ ಇರೋದರಲ್ಲಿದೆ. ಅದು ಸಣ್ಣ ತಪ್ಪೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 80 ಡೆಸಿಬೆಲ್ ದಾಟಬಾರದು, ಮಕ್ಕಳಿಗೆ 75. ಅದರ ಮೇಲೆ ಬರೀ 3 ಡೆಸಿಬೆಲ್ ಏರಿದರೂ ಸುರಕ್ಷಿತವಾಗಿ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತೆ! ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟೋದಿಲ್ಲ. ಹಾಗಾಗಿ ಸೌಂಡಿನಲ್ಲಿ ಚಿಟಿಕೆ ಹೆಚ್ಚು-ಕಡಿಮೆಗೂ ಬೆಲೆಯಿದೆ. ಹಾಂ, ಪರದೆ ಮೇಲೆ ಕಾಣೋ 50, 60 ಅನ್ನೋ ಅಂಕಿ ಡೆಸಿಬೆಲ್ ಅಲ್ಲ, ಮೋಸ ಹೋಗಬೇಡಿ.

ಆ ಚಿಟಿಕೆ ಹಾಕೋದು ಹೇಗೆ? ಕೀಬೋರ್ಡಿನಲ್ಲಿ ಸ್ಪೀಕರ್ ಚಿತ್ರವಿರೋ ಕೀಗಳನ್ನು ಹುಡುಕಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೀಯನ್ನೂ ಒತ್ತಬೇಕು. ವಿಂಡೋಸ್‌ನಲ್ಲಿ ಒಂದು ಸಲ ಒತ್ತಿದರೆ ಸೌಂಡ್ ನೂರರಲ್ಲಿ 2 ಅಂಕಿ ಬದಲಾಗುತ್ತೆ. ಇನ್ನೂ ಸಣ್ಣ ಹೆಜ್ಜೆ ಬೇಕಾದರೆ ಪರದೆಯ ಕೆಳಗಿನ ಸ್ಪೀಕರ್ ಚಿತ್ರ ಕ್ಲಿಕ್ ಮಾಡಿ, ಅಲ್ಲಿ ಬರೋ ಗೆರೆಯ ಮೇಲಿನ ಗುಂಡಿಯನ್ನು ಮೌಸಿನಿಂದ ಮೆಲ್ಲಗೆ ಸರಿಸಿ. ಆಪಲ್ ಮ್ಯಾಕ್ ಇದ್ದರೆ ಪೂರ್ತಿ ಸೌಂಡಿಗೆ 16 ಮೆಟ್ಟಿಲು. ಆಪ್ಷನ್ ಮತ್ತು ಶಿಫ್ಟ್ ಕೀ ಎರಡನ್ನೂ ಹಿಡಿದುಕೊಂಡು ಸೌಂಡ್ ಕೀ ಒತ್ತಿದರೆ ಕಾಲು ಮೆಟ್ಟಿಲು ಮಾತ್ರ ಏರುತ್ತೆ, ಇಳಿಯುತ್ತೆ. ಅಂದರೆ 16ರ ಜಾಗದಲ್ಲಿ 64!

ಯೂಟ್ಯೂಬಿಗೆ ಬೇರೆಯದೇ ಸೌಂಡ್ ಇದೆ. ವಿಡಿಯೋ ಮೇಲೆ ಕ್ಲಿಕ್ ಮಾಡಿ, ಮೇಲೆ-ಕೆಳಗಿನ ಬಾಣದ ಕೀ ಒತ್ತಿದರೆ 5ರಂತೆ ಬದಲಾಗುತ್ತೆ. 'ಎಂ' ಒತ್ತಿದರೆ ಪೂರ್ತಿ ಮೌನ. ಬಾಗಿಲು ಬೆಲ್ ಆದಾಗ ಇದು ಬಲು ಉಪಯೋಗ. ಯೂಟ್ಯೂಬಿನ ಸೌಂಡ್ ನಲ್ಲಿ ಇದ್ದ ಹಾಗೆ, ಕಂಪ್ಯೂಟರಿನದು ಟ್ಯಾಂಕಿನ ವಾಲ್ವ್ ಇದ್ದ ಹಾಗೆ. ಒಂದು ಕಮ್ಮಿಯಿದ್ದರೆ ಇನ್ನೊಂದನ್ನು ಎಷ್ಟು ತಿರುಗಿಸಿದರೂ ಅಷ್ಟೇ. ಎರಡನ್ನೂ ನೋಡಿ.

ಈಗ ನಮ್ಮನೆಯಲ್ಲಿ ಒಂದೇ ನಿಯಮ. ವಿಮಾನ ಬಂದರೆ ಏರಿಸಬೇಡ, ಪಾಠ ನಿಲ್ಲಿಸು, ಹೋದ ಮೇಲೆ ಮುಂದುವರಿಸು. ಲೈವ್ ಕ್ಲಾಸಾದರೆ ಎಷ್ಟು ಸಲ ಒತ್ತಿ ಏರಿಸಿದ್ದೀಯೋ ಅಷ್ಟೇ ಸಲ ಒತ್ತಿ ಇಳಿಸು. ಹೆಡ್‌ಫೋನ್ ಹಾಕಿರೋ ಮಗುವನ್ನು ಒಂದು ತೋಳಿನ ದೂರದಲ್ಲಿ ನಿಂತು ಮಾಮೂಲು ದನಿಯಲ್ಲಿ ಕರೆದು ನೋಡಿ. ತಿರುಗಲಿಲ್ಲ ಅಂದ್ರೆ ಎರಡು ಮೆಟ್ಟಿಲು ಇಳಿಸಿ. ಕಿವಿಯಲ್ಲಿ ಗುಂಯ್ ಅನ್ನುತ್ತೆ ಅಂದರೆ ಕಿವಿ ಡಾಕ್ಟರಿಗೆ ತೋರಿಸಿ, ಎಣ್ಣೆ ಬಿಡೋಕೆ ಹೋಗಬೇಡಿ.

ಕಂಪ್ಯೂಟರ್ ನಮಗೆ ಗೊತ್ತಾಗಲ್ಲ ಅಂತ ದೂರ ನಿಲ್ಲಬೇಡಿ. ಉಪ್ಪು-ಖಾರದ ಹದ ಗೊತ್ತಿರೋ ಕೈಗೆ ಇದ್ಯಾವ ಮಹಾ ವಿದ್ಯೆ?